ಮಿಸ್ರಿಯಾಳ ‘ಪುಟ್ ಆಫ್’

ಜುಲೈ ೨೩, ಬುಧವಾರ

ಆ ಎರಡು ಪದ ಇನ್ನೂ ತಲೆಯಿಂದ ಇಳಿದಿಲ್ಲ. ನಮ್ಮ ಶಾಲೆಯಲ್ಲಿ ಕನ್ನಡದ ಮಕ್ಕಳೂ ಮಲಯಾಳದ ಮಕ್ಕಳೂ ಇರುವುದರಿಂದ ಪೋಷಕರ ವಾಟ್ಸ್ಆ್ಯಪ್ ಗುಂಪಿಗೆ ಸೂಚನೆ ಇಂಗ್ಲಿಷಿನಲ್ಲೇ ಹೋಗಬೇಕು. ಇಷ್ಟು ವರ್ಷ ಅದನ್ನು ಬರೆದವಳು ನಾನು. ಇವತ್ತು ಹೆಡ್‌ಮಾಸ್ಟರು ಹೊಸ ಟೀಚರ್ ಮಿಸ್ರಿಯಾಳಿಗೆ ಬರೆಯಲು ಹೇಳಿದರು. ಪೋಷಕರ ಸಭೆ ಸೋಮವಾರಕ್ಕೆ ಮುಂದೆ ಹೋದದ್ದನ್ನು ತಿಳಿಸಲು ಅವಳು ಒಂದು ಕ್ಷಣವೂ ಯೋಚಿಸದೆ ‘ಪುಟ್ ಆಫ್’ ಎಂದು ಬರೆದಳು. ನನಗೆ ಹೊಟ್ಟೆ ಉರಿದುಹೋಯಿತು. ನಾನು ಅದನ್ನು ಪ್ರತಿ ವರ್ಷ ಮಕ್ಕಳಿಗೆ ಕಲಿಸುತ್ತೇನೆ. ಎಲ್ಲಿ ತಪ್ಪಾದೀತೋ ಎಂದು, ಬರೆಯಲು ಮಾತ್ರ ಒಮ್ಮೆಯೂ ಧೈರ್ಯ ಬಂದದ್ದಿಲ್ಲ.

“ಟೀಚರೇ, ತಪ್ಪು ಉಂಟಾ ನೋಡಿ,” ಎಂದು ಮೊಬೈಲ್ ನನ್ನ ಕೈಗೆ ಕೊಟ್ಟಳು. ಒಂದೂ ಇರಲಿಲ್ಲ. ಎಷ್ಟು ಹುಡುಕಿದೆ!

“ಪುಟ್ ಆಫ್ ಎಲ್ಲ ಮಾತಾಡ್ಲಿಕ್ಕೆ ಆಗ್ತದೆ, ಬರೀಲಿಕ್ಕೆ ಆಗುದಿಲ್ಲ,” ಎಂದೆ. ಅದನ್ನು ಅಳಿಸಿ, ನನ್ನ ಹಳೆಯ ‘ಪೋಸ್ಟ್‌ಪೋನ್ಡ್’ ಹಾಕಿದೆ.

“ಅಯ್ಯೋ, ನನಗೆ ಗೊತ್ತೇ ಇರ್ಲಿಲ್ಲ ಟೀಚರೇ. ನೀವು ಇದ್ದದ್ದು ಒಳ್ಳೆದಾಯ್ತು.”

ಇನ್ನು ಆ ಪದ ಬರೆಯುವಾಗ ಅವಳ ಕೈಯೂ ನನ್ನ ಕೈಯ ಹಾಗೆ ಹಿಂಜರಿಯುತ್ತದೆ. ಅದನ್ನು ನೆನೆಸಿಕೊಂಡರೆ ನನಗೆ ನೆಮ್ಮದಿಯ ನಿದ್ದೆ ಬರಬೇಕಿತ್ತು.