ಸಂತ ಜೈಲ್ಸನನ್ನು ಮುಳುಗಿಸಿದ್ದು

ಆಗಸ್ಟ್ ೧೧, ಸೋಮವಾರ

ಎಸ್.ವೈ., ಅಂದರೆ ಎರಡನೇ ವರ್ಷದ ಕ್ಲಾಸಿಗೆ ಮತ್ತೆ ಸ್ಕಾಟ್ಲೆಂಡ್ ಇತಿಹಾಸ. ೧೫೫೮, ಎಡಿನ್‌ಬರೊ. ಮೂರ್ತಿಪೂಜೆ ಒಪ್ಪದ ಹೊಸ ಮತದವರು, ಪ್ರಾಟೆಸ್ಟೆಂಟರು, ಊರು ಕಾಯುವ ಸಂತ ಜೈಲ್ಸನ ಮೂರ್ತಿ ಕದ್ದು ಕೆರೆಯಲ್ಲಿ ಮುಳುಗಿಸಿದರು, ಆಮೇಲೆ ಸುಟ್ಟರು. ಆಳುತ್ತಿದ್ದ ರಾಣಿಗೆ ತಡೆಯಲಾಗಲಿಲ್ಲ. ಇದಕ್ಕಿಂತ ದೊಡ್ಡ ಅವಮಾನವಿಲ್ಲ ಎಂದೆ. ಕ್ಲಾಸೆಲ್ಲ ನಕ್ಕಿತು! ಪ್ರೇಮಕುಮಾರ ಎದ್ದ. ನನ್ನ ಜೊತೆ ಅವನದು ಕನ್ನಡವೇ — "ನೀರಾಗ ಬಿಟ್ರ ಅವಮಾನ ಹ್ಯಾಂಗ ಆಗ್ತದ್ರಿ ಮೇಡಂ? ಗಣಪ್ಪನ್ನ ನಾವು ಹಂಗೇ ಕಳಸ್ತೀವಲ್ರಿ?"

ಪುಣೆಯ ಮಕ್ಕಳಿಗೆ ಇದನ್ನು ಹೇಗೆ ಹೇಳಲಿ? ತಲೆ ಚಿಟ್ಟು ಹಿಡಿಯಿತು. ಮಾಡಿಯೇ ತೋರಿಸಬೇಕು.

ಆಗಸ್ಟ್ ೧೪

ನಾನು ಹೇಳಿದಂತೆ ಪ್ರೇಮಕುಮಾರ ಜೈಲ್ಸನ ಮೂರ್ತಿ ತಂದಿದ್ದ. ಅವನಪ್ಪ ಅಂಬಣ್ಣ ಯಾದಗಿರಿ ಕಡೆಯವರು, ಪ್ಲಾಸ್ಟರಿನ (ಪಿಓಪಿ) ಸೀಲಿಂಗ್ ಕೆಲಸ. ಎರಡು ದಿನ ಕೂತು ಮಾಡಿದ್ದಾರೆ — ಉದ್ದ ಗಡ್ಡ, ನಿಲುವಂಗಿ, ಕೈಯಲ್ಲಿ ಕೋಲು. ಹುಡುಗ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ನೀರಿನ ಡ್ರಮ್ಮಿಗೆ ಇಳಿಸಹೋದ. ಮೊದಲು ಹಣೆಗೆ ಮುಟ್ಟಿಸಿಕೊಂಡ ಬೇರೆ! ಸಿಟ್ಟು ಬಂತು. "ಒದಿಯೋ! ನೀ ಈಗ ಹೊಸ ಮತದವ, ಅವನ್ನ ದ್ವೇಷ ಮಾಡ್ತೀ!" ಅಂದೆ. "ಬ್ಯಾಡ್ರಿ ಮೇಡಂ..." ಮತ್ತೆ ಗದರಿದೆ. ಮೂರ್ತಿ ನೆಲಕ್ಕಿಟ್ಟು ಒದ್ದ. ತಲೆ ಮುರಿದು ಉರುಳಿತು. ಈ ಸಲ ಯಾರೂ ನಗಲಿಲ್ಲ. ಈಗ ತಿಳಿಯಿತಲ್ಲ ಎಂದು ನನಗೆ ಖುಷಿ. ಯಾರೋ ಫೋನ್ ಹಿಡಿದಿದ್ದರು.

ಆಗಸ್ಟ್ ೧೮, ಮಧ್ಯಾಹ್ನ ೩

ವಿಡಿಯೊ ಶನಿವಾರದಿಂದ ವಾಟ್ಸಾಪ್‌ನಲ್ಲಿದೆ. ಹನ್ನೊಂದು ಸೆಕೆಂಡ್. ನನ್ನ ದನಿ ಕತ್ತರಿಸಿದ್ದಾರೆ. ಒದೆ ಮಾತ್ರ ಇದೆ. ಆ ಗಡ್ಡ ನೋಡಿದರೆ ಯಾರಾದರೂ ಇಲ್ಲಿಯ ಸಂತರೇ ಅಂದುಕೊಳ್ಳಬೇಕು.

ಇವತ್ತು ಹತ್ತಕ್ಕೆ ಗೇಟು ಮುರಿದು ನುಗ್ಗಿದರು. ನಲವತ್ತು ಜನ. ಲೈಬ್ರರಿಯಿಂದ ಪ್ರೇಮಕುಮಾರನನ್ನು ಕೂದಲು ಹಿಡಿದು ಎಳೆದರು. ಬೆಲ್ಟು, ಕುರ್ಚಿಯ ಕಾಲು, ಬೂಟು. "ಕುಠಲ್ಯಾ ಪಾಯಾನೆ?" — ಯಾವ ಕಾಲಲ್ಲಿ ಒದ್ದೆ ಎಂದು ಕೇಳಿ ಕೇಳಿ ಬಲಗಾಲ ಮೇಲೆ ಹಾರಿ ತುಳಿದರು. ಮೂಳೆ ಲಟಕ್ಕೆಂದದ್ದು ಕೇಳಿಸಿತು. ಬಾಯಿತುಂಬ ರಕ್ತ. ಮುಖ ಎತ್ತಿ ನನ್ನತ್ತ ನೋಡಿದ. ನನ್ನ ಹೆಸರು ಹೇಳಲಿಲ್ಲ. ನಾನು ಸ್ಟಾಫ್ ರೂಮಿನೊಳಗೆ ಹೋಗಿ ಚಿಲಕ ಹಾಕಿಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು.

ಆಗಸ್ಟ್ ೨೧

ಪ್ರಿನ್ಸಿಪಾಲ್ ದಿಗಂಬರ ಸರ್ ಕರೆಸಿದರು. ಬೆಳಗಾವಿಯವರು, ಮಾತು ಬೆಣ್ಣೆ. "ಹುಡುಗ ತನ್ನ ಮನಸ್ಸಿಗೆ ಬಂದಂಗ ಮಾಡ್ಯಾನ ಅಂತ ಬರದು ಸಹಿ ಮಾಡ್ರಿ, ಇಂದೂ ಮೇಡಂ. ಅವನ್ನ ತಗದು ಹಾಕ್ತೀವಿ, ಎಲ್ಲಾ ತಣ್ಣಗಾಗ್ತದ. ಇಲ್ಲಾಂದ್ರ ಆ ಮಂದಿ ನಿಮ್ಮ ಮನೀಗೇ ಬರ್ತಾರ."

ಅಲ್ಲಿಂದ ತಳೇಗಾಂವದ ಆಸ್ಪತ್ರೆಗೆ ಹೋದೆ. ಪ್ರೇಮಕುಮಾರನ ಕಾಲಿಗೆ ರಾಡ್ ಹಾಕಿದ್ದಾರೆ. ಅಂಬಣ್ಣ ಎದ್ದು ಕೈ ಮುಗಿದರು. "ಮೂರ್ತಿ ಮಾಡಿದಂವ ನಾನ್ರಿ ಅಕ್ಕೋರೆ. ನನ್ನ ಕೈ ಮುರೀರಿ ಅಂದ್ರ ಇವನ ಕಾಲೇಜು ಉಳೀತದೇನ್ರಿ?"

ಒದೆಸಿದವಳು ನಾನೆಂಬ ಮಾತು ಬಾಯಲ್ಲೇ ಇಟ್ಟುಕೊಂಡು ಹೊರಗೆ ಬಂದೆ.

ಆಗಸ್ಟ್ ೨೨, ಬೆಳಿಗ್ಗೆ ೯.೪೦

ಸಹಿ ಮಾಡಲಿಲ್ಲ. ನನ್ನದೇ ಕಾಗದ ಬರೆದೆ — ಒದೆಯಲು ಹೇಳಿದವಳು ನಾನು, ಅವನು ಬೇಡವೆಂದ, ಗದರಿಸಿ ಒದೆಸಿದೆ. ಪೊಲೀಸರಿಗೆ, ಕಾಲೇಜಿಗೆ, ಕ್ಲಾಸಿನ ಗ್ರೂಪಿಗೂ ಹಾಕಿದೆ.

ಇಪ್ಪತ್ತು ನಿಮಿಷವಾಗಿಲ್ಲ, ನನ್ನ ಫ್ಲಾಟಿನ ಕೆಳಗೆ ಬೈಕುಗಳು. ವಾಚ್‌ಮನ್ ಕಿರುಚಿದ. ಗಾಜು ಒಡೆದ ಸದ್ದು. ಭಯವಾಗುತ್ತಿದೆ, ಭಾಳ.

ಪ್ರೇಮಕುಮಾರನ ಮೆಸೇಜು — "ಮೇಡಂ, ಅದನ್ನ ಡಿಲೀಟ್ ಮಾಡ್ರಿ. ನಾನೇ ಮಾಡೀನಿ ಅಂತ ಪ್ರಿನ್ಸಿಪಾಲರಿಗೆ ನಿನ್ನೆನೇ ಬರದು ಕೊಟ್ಟೀನಿ. ನಿಮಗ ಯಾರೂ ಏನೂ ಮಾಡೂದಿಲ್ಲ."

ಮೆಟ್ಟಿಲು ಹತ್ತುತ್ತಿದ್ದಾರೆ. ಡಿಲೀಟ್ ಮಾಡುವುದಿಲ್ಲ ಎಂದು ಅವನಿಗೆ ಉತ್ತರ ಕಳಿಸಬೇಕು, ಅಷ್ಟರೊಳಗೆ —