ಒದ್ದೆ ಟವೆಲಿನ ಪಾಠ

ಮಂಗಳವಾರ, ಮಧ್ಯಾಹ್ನ
ವಿಭಾಗದ ಕೋಣೆ, ನಿಮ್ಮ ಹಳೆಯ ಮೇಜಿನಿಂದ

ಪುಟ್ಟಿಯ ಅಪ್ಪನವರಿಗೆ,

‘ಪ್ರೀತಿಯ’ ಎಂದು ಬರೆಯಲು ಹೊರಟೆ, ಕೈ ಬರಲಿಲ್ಲ. ಮಂಡಿನೋವು ಹೇಗಿದೆ? ಅಲ್ಲಿನ ಚಳಿಗೆ ಕೆಮ್ಮು ಹೆಚ್ಚಿಲ್ಲ ತಾನೆ? ಮಾತ್ರೆ ತಪ್ಪಿಸಬೇಡಿ. ನಿಮ್ಮ ಮಗಳ ಮುಂದಿನ ಹಲ್ಲು ಬಿದ್ದಿದೆ, ಅಪ್ಪನಿಗೆ ತೋರಿಸಬೇಕೆಂದು ಡಬ್ಬಿಯಲ್ಲಿಟ್ಟು ಕಾಯುತ್ತಿದ್ದಾಳೆ. ನಾನೂ ಚೆನ್ನಾಗಿದ್ದೆ, ಇವತ್ತು ಬೆಳಿಗ್ಗೆಯವರೆಗೆ.

ತಿಂಗಳ ಕೊನೆಗೆ ನನ್ನ ಬೋಧನೆಯ ಪೋರ್ಟ್‌ಫೋಲಿಯೊ ಸಮಿತಿಯ ಮುಂದೆ ಹೋಗಬೇಕು, ನಿಮಗೆ ಗೊತ್ತೇ ಇದೆ. ಏನು ಕಲಿಸುತ್ತೇನೆ, ಯಾಕೆ ಹಾಗೆ ಕಲಿಸುತ್ತೇನೆ, ಅದರಿಂದ ಮಕ್ಕಳ ತಲೆಗೆ ಏನು ಹತ್ತಿತು, ಎಲ್ಲಕ್ಕೂ ಪುರಾವೆ ಬೇಕಂತೆ. ಅದನ್ನು ನೋಡಿ ನನ್ನನ್ನು ಕಾಯಂ ಮಾಡುತ್ತಾರೆ, ಇಲ್ಲವೇ ಈ ವರ್ಷಕ್ಕೇ ಕೈಮುಗಿದು ಕಳಿಸುತ್ತಾರೆ. ವಾರಗಟ್ಟಲೆ ಕೂತು ಬರೆದದ್ದನ್ನು ಮುಖ್ಯಸ್ಥರಿಗೆ ತೋರಿಸಲು ಹೋದೆ. ಹಗ್ಗದ ಪಾಠದ ಪುಟ ಬಂದದ್ದೇ ತಲೆಯೆತ್ತಿ, “ಏನಮ್ಮಾ, ಇದು ನಿಮ್ಮೋರದಲ್ವಾ?” ಅಂದರು. ಬೀರುವಿನಿಂದ ನಿಮ್ಮ ಪೋರ್ಟ್‌ಫೋಲಿಯೊ ತೆಗೆದು ಮುಂದಿಟ್ಟರು. ಹೋದ ವರ್ಷ ಬಡ್ತಿಗೆಂದು ನೀವು ಇಲ್ಲಿ ಕೊಟ್ಟದ್ದು, ಈಗ ನೀವಿರುವ ವಿಶ್ವವಿದ್ಯಾಲಯದ ಕೆಲಸವನ್ನೂ ನಿಮಗೆ ಕೊಡಿಸಿದ್ದು. ಮಾದರಿ ಎಂದು ಎಲ್ಲರಿಗೂ ತೋರಿಸುತ್ತಾರಂತೆ. ಅದರಲ್ಲಿ ಹಗ್ಗದ ಪಾಠ ಇಡಿಯಾಗಿ ಕೂತಿದೆ, ‘ನಾನು ರೂಪಿಸಿದ ಪಾಠ’ ಎಂಬ ತಲೆಬರಹದ ಕೆಳಗೆ!

ನೀವು ರೂಪಿಸಿದ್ದಾ? ಅಯ್ಯೋ ದೇವರೇ! ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಾಗ, ಹಗ್ಗ ಜೋತುಬಿದ್ದಿದೆ, ಬಿಗಿಯಾಗಿ ಎಳೆಯಬೇಕು ಅಂದವರು ಯಾರು? ನಡುವೆ ಒದ್ದೆ ಟವೆಲು ತೂಗುತ್ತಿರುವಾಗ ಎಷ್ಟು ಎಳೆದರೂ ಹಗ್ಗ ಪೂರ್ತಿ ನೆಟ್ಟಗಾಗಲ್ಲ ರೀ, ನೆಟ್ಟಗಾಗುತ್ತ ಬಂದಷ್ಟೂ ಗೋಡೆಗೆ ಜಗ್ಗಾಟ ಹೆಚ್ಚುತ್ತೆ ಅಂತ ಬಡಕೊಂಡೆ. ಕೇಳಿದಿರಾ? ದಮ್ಮು ಕಟ್ಟಿ ಎಳೆದಿರಿ. ಎದುರು ಗೋಡೆಯ ಕೊಕ್ಕೆ ಗಾರೆ ಸಮೇತ ಕಿತ್ತುಬಂತು, ನೀವು ಹೋಗಿ ಬಕೆಟ್ಟಿನಲ್ಲಿ ಕೂತಿರಿ. ಆ ತೂತು ಇನ್ನೂ ಹಾಗೇ ಇದೆ, ಬಂದು ನೋಡಿ. ಮಾರನೆಯ ದಿನ ಅದೇ ಹಗ್ಗ, ಅದೇ ನೀಲಿ ಗೆರೆಯ ಟವೆಲು ತರಗತಿಗೆ ಹೊತ್ತವಳು ನಾನು. ಇಬ್ಬರು ಪೈಲ್ವಾನ್ ಹುಡುಗರನ್ನು ಎರಡು ತುದಿಗೆ ನಿಲ್ಲಿಸಿ ಬೆವರು ಕಿತ್ತುಬರುವಂತೆ ಎಳೆಸಿದೆ. ತೂಗುಸೇತುವೆಯ ಕೇಬಲ್ಲಿಗೆ ಬಾಗು ಯಾಕೆ ಬಿಡುತ್ತಾರೆಂಬುದು ಅಂದು ಹಿಂದಿನ ಬೆಂಚಿಗೂ ಹೊಳೆಯಿತು.

ಆ ತರಗತಿಯ ಫೋಟೊ ಬೇರೆ ಅಂಟಿಸಿದ್ದೀರಿ. ನನ್ನನ್ನು ಕತ್ತರಿಸಿ ತೆಗೆದಿದ್ದೀರಿ, ಟವೆಲು ಹಿಡಿದ ಕೈ ಮಾತ್ರ ಕೈಗಡಿಯಾರದ ಸಮೇತ ಅಂಚಿನಲ್ಲಿ ಉಳಿದುಬಿಟ್ಟಿದೆ. ಕೇಳಿದ್ದರೆ ಕೊಡುತ್ತಿರಲಿಲ್ಲವೇ? ‘ಹೆಂಡತಿಯ ಪಾಠ, ನಾನೂ ಬಳಸಿದೆ’ ಎಂದು ಒಂದು ಸಾಲು ಬರೆದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಹೊರಡುವ ದಿನ ಬಾಗಿಲಲ್ಲಿ ನಿಂತು, “ನಿಂದೂ ಆಗತ್ತೆ ಬಿಡು, ಚಿಂತೆ ಮಾಡ್ಬೇಡ” ಅಂದಿರಲ್ಲ, ಹೇಗೆ ಆಗುತ್ತೆ ರೀ? ನನ್ನ ಪಾಠವನ್ನು ನಾನು ಹಾಕಿದರೆ ಗಂಡನದನ್ನು ಕದ್ದವಳು. ಬಿಟ್ಟರೆ, ಇಷ್ಟು ವರ್ಷ ಕಡಿದು ಕಟ್ಟೆ ಹಾಕಿದ್ದೇನು ಎಂದು ಕೇಳುತ್ತಾರೆ. ಮುಖ್ಯಸ್ಥರು ಮೆಲ್ಲಗೆ, “ಆ ಪುಟ ತೆಗೆದ್ಬಿಡಿ, ಸುಮ್ನೆ ಯಾಕೆ” ಅಂದರು. ಮೈಯೆಲ್ಲ ಉರಿದುಹೋಯಿತು. ತೆಗೆಯಲ್ಲ ಸಾರ್ ಎಂದು ಎದ್ದುಬಂದೆ.

ಇದರಿಂದ ಅಲ್ಲಿ ನಿಮ್ಮ ಕೆಲಸಕ್ಕೆ ಏನಾಗುತ್ತದೋ ಎಂದು ನನಗೂ ಹೆದರಿಕೆಯಿದೆ. ಹಾಳಾದ ಪ್ರೀತಿ, ಸಿಟ್ಟು ಬಂದಾಗಲಾದರೂ ಬಿಟ್ಟುಹೋಗಬಾರದೇ? ಸ್ವೆಟರು ಪೆಟ್ಟಿಗೆಯ ತಳದಲ್ಲಿದೆ, ತೆಗೆದು ಹಾಕಿಕೊಳ್ಳಿ. ಪುಟ್ಟಿ ಮುತ್ತು ಕಳಿಸಿದ್ದಾಳೆ. ನನ್ನ ಕಡೆಯಿಂದ ಸದ್ಯಕ್ಕೆ ಏನೂ ಇಲ್ಲ.

ಇಂತಿ,
ಫೋಟೊದಲ್ಲಿ ಉಳಿದ ಕೈಯವಳು

ತಾ.ಕ.: ತರಗತಿಯ ಒಂದು ವಿಡಿಯೊ ಕೂಡ ಕೊಡಬೇಕಿತ್ತು. ಹಗ್ಗದ ಪಾಠದ ದಿನ ನೀವೇ ಹಿಂದೆ ನಿಂತು ತೆಗೆದದ್ದು ನನ್ನ ಫೋನಿನಲ್ಲಿತ್ತು. ಈಗಷ್ಟೇ ಸಮಿತಿಗೆ ಕಳಿಸಿದೆ. ನಿಮ್ಮ ಹಾಗೆ ನಾನು ಏನನ್ನೂ ಕತ್ತರಿಸಿಲ್ಲ. ಕೊನೆಯಲ್ಲಿ ಕ್ಯಾಮೆರಾದ ಹಿಂದಿನಿಂದ ಒಂದು ದನಿ ಕೇಳುತ್ತದೆ: “ಈಗ ಅರ್ಥ ಆಯ್ತು ಕಣೇ! ನಿನ್ನೆ ನಿನ್ನ ಮಾತು ಕೇಳಿದ್ದಿದ್ರೆ ಕೊಕ್ಕೆ ಉಳೀತಿತ್ತು.” ಹುಡುಗರೆಲ್ಲ ಗೊಳ್ಳೆಂದು ನಗುತ್ತಾರೆ. ಆ ದನಿ ಯಾರದೆಂದು ಸಮಿತಿಯವರು ನನ್ನನ್ನು ಕೇಳುವ ಮುಂಚೆ ನೀವೇ ಅವರಿಗೆ ಬರೆದು ಹೇಳಿಬಿಡಿ.