ಹಂಚಿಹೋದ ಕಡುಬು

ಲೈಪ್‌ಜಿಗ್, ಮಾರ್ಚ್ ೧೪, ಗುರುವಾರ

ಅಂತರ್ಜಾಲದ ಬೀದಿ ನಕ್ಷೆಯ ಚಿತ್ರದಲ್ಲಿ ಯಾರಿಗೂ ಕಾಣದಂತೆ ನಮ್ಮ ಮನೆಯನ್ನೇ ಮಸುಕು ಮಾಡಿಸಿದವನು ನಾನು. ಅಲ್ಲಿ ಅಪರಿಚಿತರೊಡನೆ ಹಳೆಯ ಹಾಡಿನ ಕಡತ ಹಂಚಿಕೊಳ್ಳುವಾಗಲೂ ಸುಳ್ಳು ಹೆಸರು, ಗುರುತು ಮರೆಸುವ ವಿಪಿಎನ್ ಮುಸುಕು. ಇಂದು ಅವರಲ್ಲೊಬ್ಬನ ಸಂದೇಶ: "ಯಜಮಾನ್ರೇ, ನಿಮ್ಮತ್ತೆ ಮಾಡೋ ಆಲೂಗಡ್ಡೆ ಕಡುಬು ನಿಜಕ್ಕೂ ಅಷ್ಟು ಗಟ್ಟೀನಾ?"

ಹಾಡಿನ ಫೋಲ್ಡರ್ ಬದಲು ನನ್ನ ದಿನಚರಿಯ ಫೋಲ್ಡರನ್ನೇ ಹಂಚಲು ಇಟ್ಟುಬಿಟ್ಟಿದ್ದೇನೆ!

ಹೆಂಡತಿ ಗುಂಡುಲಾ ನಕ್ಕಳು: "ಮನೆಗೆ ಮುಸುಕು ಹಾಕ್ಸಿ ಬಾಗ್ಲು ತೆಗೆದಿಟ್ಟಿದ್ದೀಯಲ್ಲೋ ಮಾರಾಯ!"

ಹದಿನೇಳು ಜನ ಅದನ್ನು ಇಳಿಸಿಕೊಂಡಿದ್ದಾರೆ. ಪರರ ದಿನಚರಿ ಓದಲು ನಾಚಿಕೆ ಬೇಡವೇ? ಪತ್ರಿಕೆಯಲ್ಲಿ ನನ್ನ ಹಾಸ್ಯ ಅಂಕಣಕ್ಕೇ ಇಷ್ಟು ಓದುಗರಿಲ್ಲ! ಇನ್ನು ಮೇಲೆ ದಿನಚರಿಗೆ ಕಾಗದವೇ ಗತಿ.

ಸಂಜೆ ಅತ್ತೆ ಫೋನ್ ಮಾಡಿದ್ದರು. ಭಾನುವಾರ ಊಟಕ್ಕೆ ಬರಬೇಕಂತೆ. "ಅಳಿಯಂದ್ರಿಗೆ ಹೇಳೇ ಗುಂಡುಲಾ, ಈ ಸಲ ಕಡುಬು ಮೆತ್ತಗೆ ಮಾಡ್ತೀನಿ" ಅಂದರಂತೆ.

ಗುಂಡುಲಾ ತಾನೇನೂ ಬಾಯಿಬಿಟ್ಟಿಲ್ಲ ಅನ್ನುತ್ತಾಳೆ. ಹಾಗಾದರೆ ಆ ಹದಿನೇಳರಲ್ಲಿ...